ಎತ್ತರದ ಹಾಸಿಗೆ

ನಮ್ಮ ದ್ವೀಪದ ಕಡೆ ಹೆಂಗಸಿನ ಯೋಗ್ಯತೆ ತಿಳಿಯಬೇಕಾದರೆ ಅವಳ ಮೈಮೇಲಿನ ಒಡವೆ ನೋಡುವುದಿಲ್ಲ, ಮಲಗುವ ಮಂಚ ನೋಡುತ್ತಾರೆ. ಮಂಚದ ಹಲಗೆಗೂ ಹಾಸಿಗೆಗೂ ನಡುವೆ ಕೇದಗೆ ಎಲೆಯ ನವಿರು ಚಾಪೆಗಳನ್ನೂ ಮರದ ತೊಗಟೆ ಬಡಿದು ಮಾಡಿದ ಬಟ್ಟೆಗಳನ್ನೂ ಮಡಿಸಿ ಮಡಿಸಿ ಇಟ್ಟಿರುತ್ತೇವೆ. ಮದುವೆಗೆ, ಸಾವಿಗೆ, ಪಾದ್ರಿಯ ಬೀಳ್ಕೊಡುಗೆಗೆ ಹೊತ್ತುಕೊಂಡು ಹೋಗುವ ಸಿರಿ ಅದೇ. ಹಾಸಿಗೆ ಎತ್ತರವಾದಷ್ಟೂ ಮನೆತನ ಎತ್ತರ. ಆದರೆ ಇನ್ನೊಬ್ಬಳ ಹಾಸಿಗೆ ಎತ್ತಿ ಇಣುಕುವುದು ಮಾತ್ರ ಮಹಾ ಅಪರಾಧ. ಆ ಕೆಲಸವನ್ನು ಕಳ್ಳರೂ ಮಾಡುವುದಿಲ್ಲ.

ನನ್ನ ಹಾಸಿಗೆ ಮೊಣಕಾಲೆತ್ತರ. ನಾನು ಪಿಸಿಲಾ, ನೇಯುವುದಕ್ಕಿಂತ ಮಾತಾಡುವುದರಲ್ಲಿ ಚುರುಕು ಎಂದು ಊರೇ ಹೇಳುತ್ತದೆ, ನಾನೂ ಇಲ್ಲವೆನ್ನುವುದಿಲ್ಲ. ಬೇಲಿಯಾಚೆಯ ಸುಲಿಯೇತಿಯ ಹಾಸಿಗೆ ಮಾತ್ರ ಸೊಂಟದೆತ್ತರ. ಅದನ್ನು ಹತ್ತಲು ಅವಳು ಮಣೆ ಇಟ್ಟುಕೊಂಡಿದ್ದಳು. ಇಬ್ಬರೂ ಒಂದೇ ಚಪ್ಪರದಡಿ ಕೂತು ಚಾಪೆ ನೇಯುತ್ತ ಮುದುಕಿಯರಾದವರು. ಆ ಮಣೆಯನ್ನು ಕಂಡಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಗುತ್ತಿತ್ತು.

ಸುಲಿಯೇತಿಗೆ ಮೊಮ್ಮಗಳು ಲತಾಯಿ ಎಂದರೆ ಜೀವ. ಮಗಳಿಗೆ ಹುಟ್ಟಿದ ಮೊದಲ ಹೆಣ್ಣು. ಮೊಲೆ ಬಿಡಿಸಿದ ಮೇಲೆ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕುವುದು ನಮ್ಮಲ್ಲಿ ವಾಡಿಕೆ. ಹೆತ್ತವರು ಇದೇ ಊರಿನ ಇನ್ನೊಂದು ತುದಿಯಲ್ಲಿ ಉಳಿದ ಮಕ್ಕಳ ಜೊತೆ ಇದ್ದರು. ಲತಾಯಿ ಉಂಡದ್ದು, ಮಲಗಿದ್ದು, ಹಲ್ಲು ಬೀಳಿಸಿಕೊಂಡದ್ದು ಎಲ್ಲ ಅಜ್ಜಿಯ ಹತ್ತಿರ. ಗಂಡ ಸತ್ತ ಮೇಲೆ ಸುಲಿಯೇತಿ ನಕ್ಕದ್ದು ಆ ಮಗು ಮನೆಗೆ ಬಂದ ಮೇಲೆಯೇ.

ಮಗುವಿಗೆ ಏಳು ತುಂಬುವ ಹೊತ್ತಿಗೆ ಸೀನು ಶುರುವಾಯಿತು. ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯುತ್ತಿದ್ದಂತೆ ಬೇಲಿಯಾಚೆಯಿಂದ ಆಕ್ಷೀ, ಆಕ್ಷೀ. ಮುಗಿಯಿತು ಎಂದುಕೊಂಡರೆ ಮತ್ತೆ ಆಕ್ಷೀ. ಮೂಗಿನಿಂದ ನೀರಿನಂಥ ಸಿಂಬಳ, ಕೆಂಪು ಕಣ್ಣು, ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಗಿನ ಮೇಲೊಂದು ಗೆರೆ. ಶಾಲೆಯ ಮಕ್ಕಳು ಅವಳಿಗೆ ಗಂಟೆಮಣಿ ಎಂದು ಹೆಸರಿಟ್ಟರು.

"ಗಂಟೆಯಾದ್ರೂ ಒಂದಿನ ತಡವಾಗತ್ತೆ, ನಿನ್ನ ಮೊಮ್ಮಗಳು ತಡ ಮಾಡಲ್ಲ ಕಣೇ" ಎಂದು ನಾನೂ ಚುಡಾಯಿಸಿದೆ.

"ಶೀತ ಅಷ್ಟೆ. ನೀನು ಕಣ್ಣು ಹಾಕ್ಬೇಡ" ಎಂದಳು ಸುಲಿಯೇತಿ.

ಶೀತವೆಂದು ಅವಳು ಮಾಡದ ಉಪಚಾರವಿಲ್ಲ. ಮೊದಲು ಮಗು ಸಮುದ್ರಕ್ಕಿಳಿಯುವುದನ್ನು ನಿಲ್ಲಿಸಿದಳು. ಆಮೇಲೆ ತಂಗಾಳಿ ಬರದಿರಲೆಂದು ಕಿಟಕಿಯ ಗಾಜಿನ ಪಟ್ಟಿಗಳನ್ನೆಲ್ಲ ಮುಚ್ಚಿ ಸಂದುಗಳಿಗೆ ಚಿಂದಿ ತುರುಕಿದಳು. ಎದೆಗೆ ಕೊಬ್ಬರಿ ಎಣ್ಣೆ ತಿಕ್ಕಿದಳು. ನೆಲದ ತಂಪು ಬೇಡವೆಂದು ಮಗುವನ್ನು ನೆಲದಿಂದ ಎಬ್ಬಿಸಿ ತನ್ನ ಎತ್ತರದ ಹಾಸಿಗೆಯಲ್ಲಿ, ತನ್ನ ಪಕ್ಕದಲ್ಲೇ, ಬೂರುಗದ ಹತ್ತಿಯ ಹಳೆಯ ದಿಂಬಿನ ಮೇಲೆ ಮಲಗಿಸಿಕೊಂಡಳು. ಶನಿವಾರ ಶನಿವಾರ ಬಾಗಿಲು ಹಾಕಿಕೊಂಡು, ಕಡ್ಡಿಪೊರಕೆ ಹಿಡಿದು, ದೂಳು ಮುಗಿಲಿಗೇಳುವಂತೆ ಗುಡಿಸಿದಳು. ಪ್ರೀತಿ ಹೆಚ್ಚಾದಂತೆಲ್ಲ ಕಾಯಿಲೆಯೂ ಹೆಚ್ಚಾಯಿತು. ಸೀನಿನ ಜೊತೆ ಕೆಮ್ಮು ಬಂತು, ಕೆಮ್ಮಿನ ಹಿಂದೆ ಉಬ್ಬಸ. ಮಗುವಿನ ಎದೆಗೆ ಕಿವಿಯಿಟ್ಟರೆ ಶಂಖದೊಳಗೆ ಗಾಳಿ ಸುಯ್ಯೆಂದ ಹಾಗೆ ಕೇಳುತ್ತಿತ್ತು.

ಸುದ್ದಿ ರಾಜಧಾನಿಗೂ ಹೋಯಿತು. ಅಲ್ಲಿದ್ದವಳು ಕಲೊಲೈನೆ, ಲತಾಯಿಯ ಅಪ್ಪನ ಅಕ್ಕ. ಸೋದರತ್ತೆ ಎಂದರೆ ನಮ್ಮಲ್ಲಿ ತಮಾಷೆಯಲ್ಲ. ತಮ್ಮನ ಮನೆಯ ಯಾವ ವಸ್ತುವನ್ನಾದರೂ ಸೋದರತ್ತೆ ಕೈ ತೋರಿಸಿ ಕೇಳಬಹುದು, ಇಲ್ಲವೆನ್ನುವ ಹಾಗಿಲ್ಲ. ತಮ್ಮನ ಮಕ್ಕಳೂ ಆ ಲೆಕ್ಕಕ್ಕೇ ಬರುತ್ತಾರೆ.

ಅವಳ ಫೋನು ಬಂದಾಗ ನಾನು ಸುಲಿಯೇತಿಯ ಜಗುಲಿಯಲ್ಲೇ ಇದ್ದೆ. ಅಷ್ಟು ದೂರಕ್ಕೂ ಕೇಳಿಸುವ ಗಂಟಲು.

"ಆ ಮಗೂನ ಏನ್ ಮಾಡ್ತಿದ್ದೀರಿ ನೀವೆಲ್ಲ? ಶಾಲೆ ರಜಕ್ಕೆ ನಾನೇ ಹಡಗು ಹತ್ತಿ ಬರ್ತೀನಿ. ಅಷ್ಟರಲ್ಲಿ ಹುಷಾರಾಗಿರಬೇಕು. ಇಲ್ಲಾಂದ್ರೆ ನನ್ನ ಜೊತೆ ಕರ್ಕೊಂಡ್ ಬಂದ್ಬಿಡ್ತೀನಿ. ಇಲ್ಲಿ ದೊಡ್ಡಾಸ್ಪತ್ರೆ ಇದೆ, ನನ್ನ ಮಂಚ ಇದೆ, ಯಾತಕ್ಕೂ ಕೊರತೆ ಇಲ್ಲ."

"ಆಗ್ಲಿ ಅಮ್ಮ" ಎಂದು ಸುಲಿಯೇತಿ ಫೋನು ಇಟ್ಟಳು. ಆಮೇಲೆ ಅವಳ ಕೈ ನೇಯ್ಗೆಯ ಎಲೆಯನ್ನು ಹಿಡಿಯಲಿಲ್ಲ.

"ಅವಳನ್ನ ಕಳಿಸಿ ನಾನು ಈ ಮನೇಲಿ ಹೇಗಿರ್ಲಿ ಪಿಸಿಲಾ?" ಎಂದಳು.

ಬೇರೆ ದಿನವಾಗಿದ್ದರೆ ಏನಾದರೂ ಚುಚ್ಚುತ್ತಿದ್ದೆ. ಅವತ್ತು ಅವಳ ಪಕ್ಕ ಹೋಗಿ ಕೂತೆ. ಅವಳನ್ನು ನೋಡಿ ನನಗೇ ಅಳು ಬಂತು.

ಮಧ್ಯೆ ಒಂದು ಸಂಗತಿ ನಡೆಯಿತು. ಲತಾಯಿಯ ಅಪ್ಪ ಆಕ್ಟೋಪಸ್ ಹಿಡಿದು ಒಣಗಿಸಲು ಎದುರಿನ ಸಣ್ಣ ದ್ವೀಪಕ್ಕೆ ಹೊರಟವನು ಮಕ್ಕಳನ್ನೆಲ್ಲ ಜೊತೆಗೆ ಕರೆದುಕೊಂಡು ಹೋದ. ಬೇಡವೆಂದು ಸುಲಿಯೇತಿ ಕೂಗಾಡಿದಳು. ಲತಾಯಿ ದೋಣಿಯಲ್ಲಿ ಅಡಗಿ ಕೂತು ಹೋಗಿಯೇಬಿಟ್ಟಳು. ವಾರ ಕಳೆದು ಬಂದಳು ನೋಡಿ, ಕರಿ ಮೀನಿನ ಹಾಗೆ ಮಿಂಚುತ್ತ, ಮೂಗು ಒಣಗಿ, ಬಾಯಿ ತುಂಬ ನಗು. ಮರಳಿನ ಮೇಲೆ ತೆಂಗಿನ ಗರಿಯ ಚಾಪೆ ಹಾಸಿ ಮಲಗಿದ್ದಳಂತೆ, ದಿನವೆಲ್ಲ ನೀರಿನಲ್ಲೇ ಇದ್ದಳಂತೆ. ಮರುದಿನ ಬೆಳಿಗ್ಗೆ ಗಂಟೆ ಹೊಡೆಯಿತು. ಬೇಲಿಯಾಚೆಯಿಂದ ಆಕ್ಷೀ.

ನಾನು ಚಹಾ ಲೋಟ ಕೆಳಗಿಟ್ಟೆ. ಸಮುದ್ರದಲ್ಲಿ ನೆನೆದವಳಿಗೆ ಬಾರದ ಶೀತ ಮನೆಯೊಳಗೆ ಒಂದು ರಾತ್ರಿ ಮಲಗಿದ್ದಕ್ಕೆ ಹೇಗೆ ಬಂತು? ಮಾತು ಹೆಚ್ಚಾಡುತ್ತೇನೆ ನಿಜ, ಹಾಗಂತ ತಲೆ ಇಲ್ಲದವಳಲ್ಲ. ನೇರ ಆಸ್ಪತ್ರೆಗೆ ಹೋಗಿ ನರ್ಸ್ ಫೂಸಿಯನ್ನು ಹಿಡಿದೆ. ಅವಳು ನನ್ನ ತಂಗಿಯ ಮಗಳು. ಸಂಜೆಯೇ ಸೈಕಲ್ ತುಳಿದುಕೊಂಡು ಬಂದಳು.

"ಜ್ವರ ಬಂದಿತ್ತಾ ಅಜ್ಜಿ?"

"ಇಲ್ಲ."

"ಸಿಂಬಳ ಹಳದಿ ಗಟ್ಟಿಯೋ, ನೀರಿನ ಥರಾನೋ?"

"ನೀರು. ಸುರಿಯತ್ತೆ."

"ಯಾವಾಗ ಜಾಸ್ತಿ?"

ಲತಾಯಿಯೇ ಹೇಳಿದಳು. "ಎದ್ದಾಗ. ಆಮೇಲೆ ಅಜ್ಜಿ ಹಾಸಿಗೆ ಕೊಡವಿದಾಗ. ಗುಡಿಸಿದಾಗ. ಕಣ್ಣು ತುರಿಸತ್ತೆ, ಗಂಟಲೊಳಗೂ ತುರಿಸತ್ತೆ, ಅಲ್ಲಿಗೆ ಕೈ ಹಾಕಕ್ಕೆ ಆಗಲ್ಲ."

ಫೂಸಿ ನಕ್ಕಳು. "ಶೀತ ಆದ್ರೆ ವಾರಕ್ಕೆ ಬಿಟ್ಟು ಹೋಗತ್ತೆ ಅಜ್ಜಿ. ಇದು ತಿಂಗಳುಗಟ್ಟಲೆ ಮನೆಯೊಳಗೇ ಕಾದು ಕೂತಿರೋದು. ದೂಳಿನ ಅಲರ್ಜಿ. ಮಣ್ಣಿನ ದೂಳಲ್ಲ, ಹಾಸಿಗೆ ದೂಳು. ಅದರಲ್ಲಿ ಕಣ್ಣಿಗೆ ಕಾಣದ ನುಸಿ ಇರತ್ತೆ. ನಮ್ಮ ಚರ್ಮದ ಹೊಟ್ಟು ತಿಂದು, ಬೆಚ್ಚಗಿರೋ ಕಡೆ, ಗಾಳಿ ಆಡದ ಕಡೆ ಮನೆ ಮಾಡ್ಕೊಂಡಿರತ್ತೆ. ಮಗು ಎಲ್ಲಿ ಮಲಗತ್ತೆ?"

ಸುಲಿಯೇತಿ ಹೆಮ್ಮೆಯಿಂದ ಮಂಚ ತೋರಿಸಿದಳು. ಫೂಸಿ ಎತ್ತರ ನೋಡಿದಳು, ಮಣೆ ನೋಡಿದಳು. ಪಾಪ, ವಿದ್ಯೆ ಕಲಿತ ಹುಡುಗಿ, ನಮ್ಮ ಮರ್ಯಾದೆಯೆಲ್ಲ ಒಂದು ಕ್ಷಣ ಮರೆತಳೋ ಏನೋ, ಕೈ ಚಾಚಿ ಹಾಸಿಗೆಯ ಮೂಲೆ ಹಿಡಿದಳು.

"ಮುಟ್ಟಬೇಡ!"

ಸುಲಿಯೇತಿ ಹಾಗೆ ಕಿರುಚಿದ್ದನ್ನು ನಾನು ಕೇಳಿರಲಿಲ್ಲ. ಹಾಸಿಗೆಯ ಮುಂದೆ ಎರಡೂ ಕೈ ಅಗಲಿಸಿ ನಿಂತಳು. "ನಮ್ಮಮ್ಮನ ಚಾಪೆ ನನ್ನ ಮೊಮ್ಮಗಳಿಗೆ ವಿಷ ಅಂತೀಯಾ? ಹೋಗು. ಇಬ್ಬರೂ ಹೋಗಿ. ಪಿಸಿಲಾ, ಇದು ನಿನ್ನ ಕಿತಾಪತಿ. ನನ್ನ ಹಾಸಿಗೆ ಕೆಳಗೆ ನೋಡ್ಬೇಕು ಅಂತ ಎಷ್ಟು ವರ್ಷದಿಂದ ಕಾಯ್ತಿದ್ದೀಯೋ!"

ಕಾಯುತ್ತಿದ್ದದ್ದು ಸುಳ್ಳಲ್ಲ. ಅದಕ್ಕೇ ನನಗೆ ಸಿಟ್ಟು ಹೆಚ್ಚಾಗಿ ಬಂತು. "ಇಟ್ಕೋ ನಿನ್ನ ಸಿರೀನ! ಮಗು ಹೋದ್ಮೇಲೆ ಅದನ್ನೇ ತಬ್ಕೊಂಡು ಮಲ್ಕೋ!" ಎಂದು ಬಾಗಿಲು ಬಡಿದು ಬಂದೆ. ಫೂಸಿ ಮಾತ್ರ ಜಗುಲಿಯ ಮೇಲೆ ಔಷಧಿಯ ಬಾಟಲಿ, ಉಬ್ಬಸಕ್ಕೆ ಬಾಯಲ್ಲಿ ಎಳೆದುಕೊಳ್ಳುವ ಪಂಪು ಇಟ್ಟು ಬಂದಳು.

ಕೆಲವು ದಿನ ಮಾತಿಲ್ಲ. ಅಷ್ಟರಲ್ಲಿ ನಮ್ಮೂರಿನ ಹಳೆಯ ಶಾಲಾ ಮೇಷ್ಟ್ರು ತೀರಿಕೊಂಡರು. ಸಾವಿನ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಸುಲಿಯೇತಿ ಬಾಗಿಲು ಹಾಕಿಕೊಂಡು ಹಾಸಿಗೆಯಡಿಯಿಂದ ಚಾಪೆ ಎಳೆದಳು. ಲತಾಯಿ ಸಹಾಯಕ್ಕೆಂದು ಮಂಚದ ಮೇಲೆ ನಿಂತು ಹಾಸಿಗೆ ಎತ್ತಿ ಹಿಡಿದಿದ್ದಳು. ನಾನು ಕಪ್ಪು ಬಟ್ಟೆ ಉಟ್ಟು ಬೇಲಿಯ ಹತ್ತಿರ ಬಂದಿದ್ದೆ, ಆಗ ಸುಲಿಯೇತಿಯ ಕೂಗು ಕೇಳಿಸಿತು. ಬಾಗಿಲು ತಳ್ಳಿ ಒಳಗೆ ಹೋದರೆ ಮಗು ನೆಲದ ಮೇಲೆ ಕೂತು ಮೊಣಕಾಲು ಹಿಡಿದು ಉಸಿರಿಗಾಗಿ ಒದ್ದಾಡುತ್ತಿತ್ತು. ಪಕ್ಕೆಲುಬಿನ ಸಂದು ಒಳಕ್ಕೆ ಹೋಗುತ್ತಿತ್ತು, ತುಟಿ ನೀಲಿಗಟ್ಟಿತ್ತು. ಜಗುಲಿಯ ಮೇಲೆ ಹಾಗೇ ಇದ್ದ ಫೂಸಿಯ ಪಂಪನ್ನು ತಂದು ಬಾಯಿಗಿಟ್ಟು ಹೊರಗೆ ಗಾಳಿಗೆ ಎತ್ತಿಕೊಂಡು ಓಡಿದೆ. ಸಾವಿನ ಮನೆಗೆ ಹೊರಟಿದ್ದ ಪಿಕಪ್ ಗಾಡಿಯೇ ನಮ್ಮನ್ನು ಆಸ್ಪತ್ರೆಗೆ ಒಯ್ದಿತು.

ಆಮ್ಲಜನಕ ಕೊಟ್ಟರು, ಮದ್ದಿನ ಹಬೆ ಕೊಟ್ಟರು. ಮಧ್ಯಾಹ್ನದ ಹೊತ್ತಿಗೆ ಮಗುವಿನ ತುಟಿ ಕೆಂಪಾಯಿತು. ಎರಡು ರಾತ್ರಿ ಅಲ್ಲೇ ಇಟ್ಟುಕೊಂಡರು. ಎರಡನೆಯ ಬೆಳಿಗ್ಗೆ ನಾನು ಬೇಯಿಸಿದ ದೀವಿಹಲಸು ತೆಗೆದುಕೊಂಡು ಹೋದಾಗ ಲತಾಯಿ ಕಬ್ಬಿಣದ ಮಂಚದಲ್ಲಿ, ರೆಕ್ಸಿನ್ ಹೊದಿಕೆಯ ತೆಳು ಹಾಸಿಗೆಯ ಮೇಲೆ ಕಾಲು ಆಡಿಸುತ್ತ ಕೂತಿದ್ದಳು. ಕಿಟಕಿಗಳೆಲ್ಲ ತೆರೆದಿದ್ದವು.

"ಅಜ್ಜಿ, ಈ ಹಾಸಿಗೆ ಕುಳ್ಳ ನೋಡು. ಮಣೆ ಇಲ್ದೇ ಹತ್ತಿದೆ" ಎಂದಳು ಕಾಲ ಬಳಿ ಕೂತಿದ್ದ ಸುಲಿಯೇತಿಗೆ. "ಇವತ್ತು ನಾನು ಸೀನಲೇ ಇಲ್ಲ. ಮರ್ತೇಹೋಯ್ತು."

ಸುಲಿಯೇತಿ ಮಗುವಿನ ಪಾದ ಹಿಡಿದುಕೊಂಡು, ಇನ್ನೊಂದು ಕೈಯಿಂದ ಆ ತೆಳು ಹಾಸಿಗೆಯ ಅಂಚನ್ನು ಒತ್ತಿ ನೋಡಿದಳು.

ಅಂದು ಮಧ್ಯಾಹ್ನ ಮಗುವನ್ನು ಅದರ ಅಮ್ಮನ ಮನೆಯಲ್ಲಿ ಬಿಟ್ಟು ನನ್ನ ಬಾಗಿಲಿಗೆ ಬಂದಳು.

"ಪಿಸಿಲಾ, ನಿನ್ನ ಬಾಯಿಗೆ ಬೀಗ ಇದ್ಯಾ?"

"ಹುಟ್ಟಿದಾಗ್ಲೇ ಕಳ್ಕೊಂಡೆ. ಯಾಕೆ?"

"ಇವತ್ತು ಒಂದು ಹುಡುಕಿ ಹಾಕ್ಕೋ. ಬಾ."

ಒಳಗೆ ಹೋಗಿ ಬಾಗಿಲು ಹಾಕಿದೆವು. ಹಾಸಿಗೆಯ ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು. ಇಷ್ಟು ವರ್ಷ ನನ್ನ ಹೊಟ್ಟೆ ಉರಿಸಿದ ಆ ಎತ್ತರವನ್ನು ಕೊನೆಗೂ ಕಣ್ಣಾರೆ ಕಂಡೆ. ಕೊಬ್ಬರಿ ತುಂಬುವ ಗೋಣಿಚೀಲಗಳು. ಹರಿದ ಕಂಬಳಿಗಳು. ಅವಳ ಗಂಡನ ಹಳೆಯ ಕೋಟು. ಹೆಣಿಗೆ ಬಿಟ್ಟು ಪುಡಿಯಾದ ಚಾಪೆಯ ತುಂಡುಗಳು, ಮುಟ್ಟಿದರೆ ಹಿಟ್ಟಿನ ಹಾಗೆ ದೂಳು. ಎಲ್ಲದರ ಮೇಲೆ, ಎಲ್ಲಕ್ಕಿಂತ ಜೋಪಾನವಾಗಿ, ಒಂದೇ ಒಂದು ನವಿರು ಚಾಪೆ. ಅಷ್ಟೇ.

"ಉಳಿದದ್ದು?" ಎಂದೆ.

"ಕೊಟ್ಟೆ. ಪಾದ್ರಿಗಳ ಅಮ್ಮ ಹೋದಾಗ ಒಂದು. ಬಿರುಗಾಳೀಲಿ ದೋಣಿ ಮುಳುಗಿದಾಗ ಸತ್ತ ಹುಡುಗರಿಗೆಲ್ಲ ಒಂದೊಂದು. ಮಗಳ ಮದುವೆಗೆ ಬಹಳ ಹೋಯ್ತು. ನಿನ್ನ ಗಂಡನ ಮೇಲೆ ಹೊದಿಸಿದ್ದು ನಮ್ಮತ್ತೇದು. ಮೊನ್ನೆ ಮೇಷ್ಟ್ರಿಗೆ ಒಂದು, ಮಗಳ ಕೈಲಿ ಕಳಿಸಿದೆ. ಹೊಸದಾಗಿ ನವಿರು ಚಾಪೆ ನೇಯೋಣ ಅಂದ್ರೆ ಕಣ್ಣು ಕಾಣಲ್ಲ, ಬೆರಳು ಮಡಚಲ್ಲ. ಒಂದು ಕೊಟ್ಟಾಗೆಲ್ಲ ಅದರ ಜಾಗಕ್ಕೆ ಒಂದು ಗೋಣಿ ಇಟ್ಟೆ. ಹಾಸಿಗೆ ಇಳೀತು ಅಂತ ಊರಿಗೆ ಗೊತ್ತಾಗಬಾರದು ಅಂತ." ಅವಳು ಮುಖ ಒರೆಸಿಕೊಂಡಳು. "ಆ ಕೊಳೆ ಮೇಲೆ ನನ್ನ ಮಗೂನ ಮಲಗಿಸಿದೆನಲ್ಲೇ, ಬೆಚ್ಚಗಿರ್ಲಿ ಅಂತ."

ನಾನು ಅವಳನ್ನು ತಬ್ಬಿಕೊಂಡೆ. ಇಬ್ಬರೂ ಸೇರಿ ಅತ್ತೆವು, ದೂಳಿಗೆ ಸೀನಿದೆವು, ಸೀನಿದ್ದಕ್ಕೆ ನಗುವೂ ಬಂತು. ಊರಿಗೆಲ್ಲ ಕೊಟ್ಟವಳ ಮನೆ ಹೀಗೆ ಬರಿದಾಗಿರುತ್ತದೆ ಎಂದು ನನಗೆ ಯಾರು ಹೇಳಬೇಕಿತ್ತು? ನನಗೆ ಅವಳ ಮೇಲೆ ಆ ದಿನ ಹುಟ್ಟಿದ ಪ್ರೀತಿ ಇವತ್ತಿಗೂ ಇಳಿದಿಲ್ಲ.

ಗೋಣಿ, ಕಂಬಳಿ, ಬೂರುಗದ ದಿಂಬು ಎಲ್ಲ ಹಿತ್ತಲಲ್ಲಿ ಸುಟ್ಟೆವು. ಕೋಟನ್ನು ಮಾತ್ರ ಅವಳು ಬಿಡಲಿಲ್ಲ, ಬಿಸಿನೀರಿನಲ್ಲಿ ಕುದಿಸಿ ಒಣಗಿಸಿ ನನ್ನ ಮನೆಯಲ್ಲಿಟ್ಟಳು. ಆ ಒಂದು ನವಿರು ಚಾಪೆ ಅವಳ ಅಮ್ಮನದು, ಲತಾಯಿಯ ಮದುವೆಗೆಂದು ಇಟ್ಟದ್ದು. ಅದನ್ನು ಬಿಸಿಲಿಗೆ ಹಾಕಿ, ಕೊಡವಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನನ್ನ ಪೆಟ್ಟಿಗೆಯಲ್ಲಿಟ್ಟೆವು. ಊರವರು ಬಿಡುತ್ತಾರೆಯೇ? ಸುಲಿಯೇತಿಯ ಹಾಸಿಗೆ ಹಲಗೆಗೆ ಇಳಿದದ್ದು ಸಂಜೆಯೊಳಗೆ ಗುಲ್ಲಾಯಿತು.

"ನರ್ಸ್ ಹೇಳಿದ್ರು, ಸಿರಿಯೆಲ್ಲ ನನ್ನ ಮನೆಗೆ ಸಾಗಿಸಿದ್ವಿ. ನನ್ನ ಮಂಚ ಮುರಿಯೋದೊಂದು ಬಾಕಿ" ಎಂದೆ ನಾನು. ಸುಳ್ಳಿಗೂ ಎತ್ತರ ಬೇಕಲ್ಲ. ನನ್ನ ಹಾಸಿಗೆಯ ಕೆಳಗೆ ಹಣ್ಣು ತುಂಬುವ ಮರದ ಪೆಟ್ಟಿಗೆಗಳನ್ನು ಜೋಡಿಸಿದೆ. ಬೆನ್ನು ನೋವು ಬಂತು. ಆದರೆ ಮೊದಲ ಸಲ ನಾನೂ ಮಣೆ ಇಟ್ಟುಕೊಂಡೆ.

ಫೂಸಿ ಹೇಳಿದಂತೆ ಸುಲಿಯೇತಿ ಮನೆ ನಡೆಸಿದಳು. ಕಿಟಕಿಯ ಚಿಂದಿ ಕಿತ್ತಳು. ಹಾಸಿಗೆಗೂ ಹೊಸ ದಿಂಬಿಗೂ ಜಿಪ್ ಇರುವ ಒತ್ತು ನೇಯ್ಗೆಯ ಗವಸು ಹಾಕಿದಳು. ಹೊದಿಕೆಗಳನ್ನು ವಾರವಾರ ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಹರವಿದಳು. ಕಡ್ಡಿಪೊರಕೆ ಅಂಗಳಕ್ಕೆ ಹೋಯಿತು, ಒಳಗೆ ಒದ್ದೆ ಬಟ್ಟೆಯಲ್ಲಿ ಒರೆಸುವುದು, ಒರೆಸಿ ಮುಗಿದು ದೂಳು ಕೂರುವ ತನಕ ಲತಾಯಿ ನನ್ನ ಜಗುಲಿಯಲ್ಲಿ. ಅಲ್ಲಿ ಕೂತು ಆ ಹುಡುಗಿ ನನ್ನ ಹತ್ತಿರ ತೆಂಗಿನ ಗರಿಯ ಚಾಪೆ ಹೆಣೆಯುವುದನ್ನು ಕಲಿತಳು. ಮೊದಲನೆಯದು ಒಂದು ಕಡೆ ಅಗಲ, ಇನ್ನೊಂದು ಕಡೆ ಕಿರಿದು. ಸೀನು ಒಂದೇ ದಿನಕ್ಕೆ ಹೋಗಲಿಲ್ಲ. ಮೊದಲು ಕಡಿಮೆಯಾಯಿತು, ಒಂದೆರಡು ದಿನ ತಪ್ಪಿತು, ಮತ್ತೆ ಬಂತು. ಬಂದಾಗಲೆಲ್ಲ ಸುಲಿಯೇತಿಯ ಮುಖ ಬಾಡುತ್ತಿತ್ತು. ನಾನು ದಿನಾ ಬೆಳಿಗ್ಗೆ ಗಂಟೆಯ ನಂತರ ಉಸಿರು ಬಿಗಿಹಿಡಿದು ಕಿವಿಗೊಡುತ್ತಿದ್ದೆ.

ಹಡಗು ಬಂತು. ಕಲೊಲೈನೆ ಇಳಿದಳು. ಎತ್ತರ, ಗಾತ್ರ, ಕೈಯಲ್ಲಿ ಬೀಸಣಿಗೆ, ಹಿಂದೆ ತಲೆ ಬಗ್ಗಿಸಿದ ತಮ್ಮ. ಅಂಥವಳನ್ನು ಮನೆಯ ಅತ್ಯುತ್ತಮ ಚಾಪೆಯ ಮೇಲೆ ಕೂರಿಸಬೇಕು.

"ಪೆಟ್ಟಿಗೇಲಿರೋದನ್ನ ಹಾಸೋಣ" ಎಂದು ನಾನು ಪಿಸುಗುಟ್ಟಿದೆ.

"ಬೇಡ. ಮಗು ಹೋಗಿ ಅತ್ತೆ ತೊಡೆ ಮೇಲೆ ಕೂರತ್ತೆ. ಒಂದು ಸೀನು ಸೀನಿದ್ರೂ ಅವಳನ್ನ ಕರ್ಕೊಂಡು ಹೋಗ್ತಾರೆ" ಎಂದಳು ಸುಲಿಯೇತಿ. ದೀವಿಹಲಸಿನ ಮರದ ನೆರಳಲ್ಲಿ ಲತಾಯಿಯ ಸೊಟ್ಟ ಗರಿಚಾಪೆಯನ್ನು ಹಾಸಿದಳು.

ಕಲೊಲೈನೆ ಅದನ್ನು ನೋಡಿದಳು.

"ಇದೇನು? ನನಗೋ, ಹಂದಿಗೋ?"

"ಕೂತ್ಕೊಳ್ಳಿ ಅಮ್ಮ, ಹೊಸದು, ಹಸಿರಾಗಿದೆ" ಎಂದಳು ಸುಲಿಯೇತಿ, ಕೈ ಮುಂದೆ ಕಟ್ಟಿಕೊಂಡು.

"ಸೊಂಟದೆತ್ತರ ಸಿರಿ ಇದೆ ಅಂತ ರಾಜಧಾನಿವರೆಗೂ ಸುದ್ದಿ. ನಾನು ಬಂದ್ರೆ ತೆಂಗಿನ ಗರಿ!"

ನಾನು ಬಾಯಿ ಹಾಕಿದೆ. ಹಾಕದಿರಲು ನನಗೆ ಯಾವತ್ತು ಬಂದಿದೆ? "ನರ್ಸ್ ಹೇಳಿದ್ರು ಅಂತ ಎಲ್ಲ ನನ್ನ ಮನೇಲಿಟ್ಟಿದ್ದೀವಿ ಅಮ್ಮ, ಮಗೂಗೆ ಅಲರ್ಜಿ..."

"ಹಾಗಾದ್ರೆ ತರಿಸು. ಎಲ್ಲಾನೂ. ನಾನು ನೋಡ್ಬೇಕು."

ನನ್ನ ಹಣ್ಣಿನ ಪೆಟ್ಟಿಗೆಗಳು ಕಣ್ಣ ಮುಂದೆ ಬಂದವು. ಊರ ಹೆಂಗಸರೆಲ್ಲ ಬೇಲಿಗೆ ಒರಗಿ ನಿಂತಿದ್ದರು. ನಾನು ಇನ್ನೇನು ಹೊಸ ಸುಳ್ಳು ಹೊಸೆಯಲಿ ಎಂದು ತಡಕಾಡುತ್ತಿರುವಾಗ ಸುಲಿಯೇತಿ ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದಳು.

"ಏನೂ ಇಲ್ಲ ಅಮ್ಮ" ಎಂದಳು. ಬೇಲಿಯಾಚೆಗೂ ಕೇಳುವ ಹಾಗೆ ಹೇಳಿದಳು. "ಹಾಸಿಗೆ ಕೆಳಗಿದ್ದದ್ದು ಗೋಣಿಚೀಲ. ಚಾಪೆಯೆಲ್ಲ ಕೊಟ್ಟು ಮುಗೀತು. ನಾಚಿಕೆಗೆ ಚೀಲ ತುಂಬಿ ಎತ್ತರ ಮಾಡಿದ್ದೆ. ಅದರ ದೂಳೇ ಮಗೂನ ಹಿಡಿದದ್ದು, ನಾನು ಶೀತ ಅಂದ್ಕೊಂಡೆ. ಈಗ ಸುಟ್ಟುಬಿಟ್ಟೆ. ಒಂದೇ ಒಂದು ಚಾಪೆ ಇದೆ, ನಮ್ಮಮ್ಮಂದು, ಲತಾಯಿ ಮದುವೆಗೆ ಅಂತ ಇಟ್ಟದ್ದು. ಈ ಮನೆಯಿಂದ ಏನು ಕೇಳಿದ್ರೂ ನಿಮ್ಮ ಹಕ್ಕು. ಆ ಚಾಪೆ ತಗೊಳ್ಳಿ. ಮಗೂನ ಮಾತ್ರ ಬಿಟ್ಟು ಹೋಗಿ."

ಬೇಲಿಯ ಹತ್ತಿರ ಒಬ್ಬಳು ಬಾಯಿಗೆ ಕೈ ಹಿಡಿದಳು. ನಾನು ಓಡಿ ಹೋಗಿ ಚಾಪೆ ತಂದೆ. ಲತಾಯಿಯನ್ನು ದೂರ ನಿಲ್ಲಿಸಿ, ಪ್ಲಾಸ್ಟಿಕ್ ಬಿಚ್ಚಿ, ಕಲೊಲೈನೆಯ ಮುಂದೆ ಬಿಡಿಸಿದೆ. ಆ ನೇಯ್ಗೆ ಈಗ ಯಾರ ಕೈಗೂ ಬರುವುದಿಲ್ಲ, ರೇಷ್ಮೆಯ ಹಾಗೆ ಮಡಚಿಕೊಳ್ಳುತ್ತದೆ. ಕಲೊಲೈನೆಯ ಕಣ್ಣು ಮೃದುವಾಯಿತು. ಎರಡೂ ಕೈಯಲ್ಲಿ ಎತ್ತಿ, ಹಿರಿಯರ ವಸ್ತುವಿಗೆ ಮಾಡುವ ಹಾಗೆ ಕೆನ್ನೆಗೆ ಒತ್ತಿಕೊಂಡಳು.

ಆಮೇಲೆ ಅವಳ ಮೂಗು ಅರಳಿತು. ಆಕ್ಷೀ! ದೀವಿಹಲಸಿನ ಮರದ ಮೇಲಿದ್ದ ಹಕ್ಕಿಗಳು ಹಾರಿದವು. ಆಕ್ಷೀ! ಆಕ್ಷೀ! ಬೀಸಣಿಗೆ ಬಿತ್ತು. ಕಣ್ಣಲ್ಲಿ ನೀರು, ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿದಳು, ಥೇಟ್ ಲತಾಯಿಯ ಹಾಗೆ.

ಲತಾಯಿ ಓಡಿ ಬಂದು ಅವಳ ಮಣಿಕಟ್ಟು ಹಿಡಿದಳು. "ಉಜ್ಜಬೇಡಿ ಅತ್ತೆ, ಜಾಸ್ತಿ ಆಗತ್ತೆ. ಅದನ್ನ ಕೆಳಗಿಡಿ. ಗಾಳಿ ಬರೋ ಕಡೆ ಬನ್ನಿ." ಕೈ ಹಿಡಿದು ಅಂಗಳದ ಸಮುದ್ರದ ಬದಿಗೆ ಕರೆದುಕೊಂಡು ಹೋಗಿ, ಮುಖ ತೊಳೆಯಲು ನೀರು ಕೊಟ್ಟಳು. ಅಂಥ ಸೋದರತ್ತೆಗೆ ಅಪ್ಪಣೆ ಮಾಡಿದವರನ್ನು ನಾನು ಅದೇ ಮೊದಲು ನೋಡಿದ್ದು.

"ಇದೇನೂ ಹೊಸದಲ್ಲ" ಎಂದಳು ಕಲೊಲೈನೆ ಮುಖ ಒರೆಸುತ್ತ. "ನನಗೆ ದಿನಾ ಬೆಳಿಗ್ಗೆ ಹೀಗೇ. ಚಿಕ್ಕವಳಾಗಿದ್ದಾಗಿಂದ. ನನ್ನ ದೇಹವೇ ಹಾಗೆ ಅಂತ ಬಿಟ್ಟಿದ್ದೀನಿ."

ಲತಾಯಿ ಅವಳನ್ನು ಕರುಣೆಯಿಂದ ನೋಡಿದಳು.

"ನಿಮ್ಮ ಹಾಸಿಗೆ ಎಷ್ಟು ಎತ್ತರ ಅತ್ತೆ?"

ಬೇಲಿಯಾಚೆ ಯಾರೋ ಕಿಸಕ್ಕೆಂದರು. ಕಲೊಲೈನೆ ನಗಲಿಲ್ಲ. ಎಲ್ಲ ಮದುವೆಯಲ್ಲೂ ಎಲ್ಲ ಸಾವಿನಲ್ಲೂ ಮೊದಲ ಪಾಲು ಪಡೆಯುವ ಹೆಂಗಸು ಅವಳು. ರಾಜಧಾನಿಯಲ್ಲಿ ಅವಳಷ್ಟು ಎತ್ತರದ ಹಾಸಿಗೆ ಇನ್ನೊಂದಿರಲಿಲ್ಲ. ಆ ಹಾಸಿಗೆಯ ಮೇಲೆಯೇ ಈ ಮಗುವನ್ನು ಮಲಗಿಸಿಕೊಳ್ಳಬೇಕೆಂದು ಬಂದಿದ್ದಳು. ಅವಳ ದೃಷ್ಟಿ ಮಗುವಿನ ಎದೆಯ ಮೇಲೆ ನಿಂತಿತು, ಅಲ್ಲಿ ಉಸಿರು ಸದ್ದಿಲ್ಲದೆ ಏರಿ ಇಳಿಯುತ್ತಿತ್ತು. ನಿಧಾನವಾಗಿ ಬಂದು ಆ ಸೊಟ್ಟ ಗರಿಚಾಪೆಯ ಮೇಲೆ ಕೂತು, ಮಗುವನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಕೂಸೇ, ನಿನ್ನನ್ನ ಎಲ್ಲಿಗೆ ಒಯ್ತಿದ್ದೆ ನಾನು!" ಎಂದಳು.

ಎರಡು ದಿನ ಇದ್ದಳು. ಹಲಗೆಗಿಳಿದ ಹಾಸಿಗೆಯಲ್ಲಿ ಮಗುವಿನ ಪಕ್ಕದಲ್ಲಿ ಮಲಗಿದಳು, ಮೂಳೆ ನೋಯುತ್ತದೆಂದು ಬೈದಳು, ಬೆಳಿಗ್ಗೆ ಸೀನಲಿಲ್ಲ. ಫೂಸಿಯನ್ನು ಕರೆಸಿ ಬಿಸಿನೀರಿನ ವಿಷಯ, ಗವಸಿನ ವಿಷಯ ಎಲ್ಲ ಮತ್ತೆ ಮತ್ತೆ ಕೇಳಿ ತಿಳಿದುಕೊಂಡಳು.

ಹೊರಡುವ ದಿನ ಸುಲಿಯೇತಿ ಮಾತಿಗೆ ತಪ್ಪದೆ ಅಮ್ಮನ ಚಾಪೆಯ ಸುರುಳಿಯನ್ನು ಹಡಗುಕಟ್ಟೆಗೆ ಹೊತ್ತು ತಂದಳು. ಕಲೊಲೈನೆ ಅದನ್ನು ಅವಳ ಕೈಗೇ ಹಿಂದಕ್ಕೆ ತಳ್ಳಿದಳು.

"ಇದು ಹುಡುಗಿ ಮದುವೇಗಿರ್ಲಿ. ಪ್ಲಾಸ್ಟಿಕ್ ಬಿಚ್ಚಬೇಡ. ಬರಿಗೈಲಿ ಹೋಗೋದು ನನ್ನ ಹುಟ್ಟಲ್ಲೇ ಇಲ್ಲ, ಅದಕ್ಕೆ ಬೇಕಾದ್ದು ತಗೊಂಡಿದ್ದೀನಿ."

ಅವಳ ಕಂಕುಳಲ್ಲಿ ಲತಾಯಿಯ ಸೊಟ್ಟ ಗರಿಚಾಪೆ ಇತ್ತು. ಹಡಗುಕಟ್ಟೆಯ ಜನವೆಲ್ಲ ನೋಡುತ್ತಿದ್ದರು. ಅಂಥ ದೊಡ್ಡ ಹೆಂಗಸು, ಮೂರು ತಿಂಗಳಿಗೆ ಒಣಗಿ ಮುರಿಯುವ ಚಾಪೆ!

"ಏನ್ ನೋಡ್ತೀರಿ? ನನ್ನ ತಮ್ಮನ ಮಗಳು ಹೆಣೆದದ್ದು" ಎಂದು ಗದರಿದಳು. ಆಮೇಲೆ ಸುಲಿಯೇತಿಯ ಕಡೆ ತಿರುಗಿ ಮೆಲ್ಲಗೆ ಹೇಳಿದಳು. "ಇದು ಒಣಗಿದ ಮೇಲೆ ಇನ್ನೊಂದು ಕಳಿಸು. ಅವಳು ನಿನ್ನ ಹತ್ರಾನೇ ಕೂತು ಹೆಣೀಲಿ."

ಸುಲಿಯೇತಿ ಹಡಗು ಮರೆಯಾಗುವವರೆಗೂ ಅಳುತ್ತ ನಿಂತಿದ್ದಳು. ಊರಲ್ಲಿ ಅವಳ ಹಾಸಿಗೆಯ ಬಗ್ಗೆ ಆಮೇಲೆ ಯಾರೂ ಆಡಿಕೊಳ್ಳಲಿಲ್ಲ. ಅವಳ ಚಾಪೆ ಯಾವ ಯಾವ ಮನೆಯಲ್ಲಿದೆಯೆಂದು ಆ ಮನೆಯವರಿಗೆಲ್ಲ ಗೊತ್ತಿತ್ತಲ್ಲ. ನಾನು ನನ್ನ ಪೆಟ್ಟಿಗೆಗಳನ್ನು ತೆಗೆದು ಬೆನ್ನಿಗೆ ಸುಖ ಕೊಟ್ಟೆ.

ಈಗ ಬೆಳಿಗ್ಗೆ ಚರ್ಚಿನ ಗಂಟೆ ಹೊಡೆಯುತ್ತದೆ. ನಾನು ಚಹಾ ಲೋಟ ಹಿಡಿದು ಬೇಲಿಯ ಕಡೆ ಕಿವಿಗೊಡುತ್ತೇನೆ, ಅಭ್ಯಾಸ ಬಿಟ್ಟಿಲ್ಲ. ಹಲಗೆಯ ಮಂಚದಿಂದ ಲತಾಯಿ ನೆಲಕ್ಕೆ ಧುಮುಕುವ ಸದ್ದು ಕೇಳುತ್ತದೆ. ಆಮೇಲೆ ಅಜ್ಜಿ ಅವಳನ್ನು ಹಲ್ಲುಜ್ಜು ಎಂದು ಬೈಯುವುದು ಕೇಳುತ್ತದೆ.